ಹಸಿ ಪ್ಲಾಸ್ಟರ್ ಮೇಲೆ ಮಳೆ ಬಿದ್ದರೆ ಏನು ಮಾಡಬೇಕು? ಪುಣೆಯಲ್ಲಿ ಮನೆ ಕಟ್ಟಿಸುವವರಿಗೆ ಮಾಹಿತಿ

ಪುಣೆಗೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 10ರ ಹೊತ್ತಿಗೆ. 2025ರಲ್ಲಿ ಮಾತ್ರ ಅದು ಮೇ 26ರಂದೇ ಬಂದಿತ್ತು. ಮಳೆಗೆ ಮುಂಚೆ ಹೊರಗೋಡೆ ಮುಗಿಸೋಣ ಎಂದುಕೊಂಡವರಿಗೆ ಇಂಥ ವರ್ಷ ಎರಡು ವಾರವೇ ಕೈತಪ್ಪುತ್ತದೆ. ನಗರದ ಕಟ್ಟಡ ಕೆಲಸದಲ್ಲಿ ಕಲಬುರಗಿ, ವಿಜಯಪುರ ಕಡೆಯ ಕಾರ್ಮಿಕರೂ ಇದ್ದಾರೆ. ನಮ್ಮವರ ಗಿಲಾವು ಮರಾಠಿಯಲ್ಲಿ ಗಿಲಾವಾ. ಹೆಸರು ಏನೇ ಇರಲಿ, ಅದು ಹಸಿ ಇರುವಾಗ ಜೋರು ಮಳೆ ಹೊಡೆದರೆ ಸಿಮೆಂಟ್, ಮರಳು, ಆ ದಿನದ ಕೂಲಿ ಎಲ್ಲವೂ ನೀರುಪಾಲು.

ಮೊದಲ ದಿನವೇ ಅಪಾಯ

ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಸಿಮೆಂಟ್ 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 10 ಗಂಟೆಯೊಳಗೆ ಪೂರ್ತಿ ಬಿಗಿಯಬೇಕು. ಇದು ಪ್ರಯೋಗಾಲಯದ ಲೆಕ್ಕ. ಮೋಡ ಕವಿದ ತಂಪು ದಿನ ಗೋಡೆಯ ಮೇಲೆ ಇನ್ನೂ ತಡವಾಗಬಹುದು. ಅಷ್ಟರೊಳಗೆ ಮಳೆ ಬಿದ್ದರೆ ಮೇಲ್ಪದರದ ಸಿಮೆಂಟ್ ತೊಳೆದುಹೋಗಿ ಮರಳಷ್ಟೇ ಉಳಿಯುತ್ತದೆ. ಹಾಗಾಗಿ ಕನಿಷ್ಠ 24 ಗಂಟೆ ಕಾವಲು ಬೇಕು. ಆಮೇಲೆ ಬರುವ ತುಂತುರು ಮಳೆ ಪುಕ್ಕಟೆ ಕ್ಯೂರಿಂಗ್ ಇದ್ದಂತೆ, ಹೇಗೂ 7 ದಿನವಾದರೂ ಗೋಡೆಯನ್ನು ತೇವವಾಗಿಡಲೇಬೇಕು. ಘಟ್ಟದ ಮೇಲಿನ ಲೋನಾವಳಾದಲ್ಲಿ ಸುರಿಯುವಷ್ಟು ಮಳೆ ಪುಣೆಗೆ ಬರುವುದಿಲ್ಲ. ಜುಲೈ ತಿಂಗಳ ಜಿಟಿಜಿಟಿಗಿಂತ ಮೇ ತಿಂಗಳ ಮಧ್ಯಾಹ್ನದ ಗುಡುಗು ಮಳೆಗೇ ಇಲ್ಲಿ ಹೆಚ್ಚು ಹೆದರಬೇಕು. ಆ ತಿಂಗಳಲ್ಲಿ ಪ್ಲಾಸ್ಟರ್ ಕೆಲಸವನ್ನು ಬೆಳಗ್ಗೆಯೇ ಮುಗಿಸುವುದು ಒಳ್ಳೆಯದು.

ತಾಡಪತ್ರಿ ಕಟ್ಟುವುದು ಹೇಗೆ?

ತಾಡಪತ್ರಿಯನ್ನು ಗೋಡೆಗೆ ತಾಗುವಂತೆ ಇಳಿಬಿಡಬೇಡಿ. ಗಾಳಿಗೆ ಪಟಪಟ ಬಡಿದು ಹಸಿ ಮೈಯನ್ನು ಅದೇ ಕೆರೆದುಹಾಕುತ್ತದೆ. ಸಾರುವೆಯ ಹೊರಗಂಬಗಳಿಗೆ ಬಿಗಿದು, ನಡುವೆ ಅರ್ಧ ಅಡಿಯಾದರೂ ಜಾಗ ಬಿಟ್ಟು, ಕೆಳಗಿನ ಅಂಚನ್ನೂ ಕಟ್ಟಬೇಕು. ಇದನ್ನು ಕೆಲಸ ಶುರುವಾಗುವ ಮೊದಲೇ ಸಿದ್ಧ ಮಾಡಿಡಿ. ಗುಡುಗು ಶುರುವಾದ ಮೇಲೆ ಒದ್ದೆ ಬಿದಿರಿನ ಮೇಲೆ ಆಳನ್ನು ಹತ್ತಿಸುವುದು ಜೀವದ ಜೊತೆ ಆಟ. ಗೋಡೆಯನ್ನು ಮತ್ತೆ ಮಾಡಬಹುದು.

ಹಲವರು ಮರೆಯುವುದು ಗೋಡೆಯ ತಲೆಯನ್ನು. ಪ್ಯಾರಪೆಟ್ ಮೇಲ್ಭಾಗ ತೆರೆದಿದ್ದರೆ ನೀರು ಪ್ಲಾಸ್ಟರ್‌ನ ಹಿಂದಿನಿಂದ ಇಳಿಯುತ್ತದೆ. ತಾರಸಿಯ ಮಳೆನೀರಿನ ಪೈಪ್ ಇನ್ನೂ ಕೂರಿಸಿಲ್ಲದಿದ್ದರೆ, ತಾತ್ಕಾಲಿಕವಾಗಿಯಾದರೂ ಒಂದು ಪೈಪ್ ಜೋಡಿಸಿ ನೀರನ್ನು ಗೋಡೆಯಿಂದ ದೂರ ಬಿಡಿ. ಮುಂಗಾರು ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ಕಡೆಯ ಗೋಡೆಗಳನ್ನು ಮೊದಲು ಮುಗಿಸುವುದು ಲೇಸು.

ಮಳೆ ನಿಂತ ಮೇಲೆ

ನೀರು ಕುಡಿದು ತೊಟ್ಟಿಕ್ಕುತ್ತಿರುವ ಇಟ್ಟಿಗೆ ಗೋಡೆ ಗಾರೆಯನ್ನು ಹಿಡಿದುಕೊಳ್ಳುವುದಿಲ್ಲ, ಅದು ಜಾರುತ್ತದೆ. ಮೇಲ್ಮೈ ಆರುವವರೆಗೆ ಕಾಯಿರಿ. ಒದ್ದೆ ಮರಳಿಗೂ ಒಂದು ಲೆಕ್ಕವಿದೆ: ಅದು ಉಬ್ಬುವುದರಿಂದ ಬಾಂಡ್ಲಿಯಲ್ಲಿ ಅಳೆದಾಗ ನಿಜವಾದ ಮರಳು ಕಡಿಮೆ ಬೀಳುತ್ತದೆ. ಸಿಮೆಂಟ್ ಪಾಲು ಹೆಚ್ಚಾಗಿ ಗೋಡೆ ಬಿರುಕು ಬಿಡಬಹುದು. ಮರಳನ್ನು ಮುಚ್ಚಿಡಿ, ಒದ್ದೆಯಾಗಿದ್ದರೆ ಕಲಸುವ ನೀರನ್ನು ಕಡಿಮೆ ಮಾಡಿ.

ಮಳೆಗೆ ಸಿಕ್ಕ ಪ್ಲಾಸ್ಟರ್ ಗಟ್ಟಿಯಾದ ಬಳಿಕ ನಾಣ್ಯದಿಂದ ಕೆರೆದು ನೋಡಿ. ಮರಳು ಉದುರಿದರೆ, ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಆ ಭಾಗವನ್ನು ಕಿತ್ತು ಹೊಸದಾಗಿ ಮಾಡಿಸಬೇಕು. ಕೆಲವು ಮೇಸ್ತ್ರಿಗಳು ಮೇಲೆ ಒಣ ಸಿಮೆಂಟ್ ಎರಚಿ ಉಜ್ಜಿ ಮುಚ್ಚಿಬಿಡುತ್ತಾರೆ. ಅದಕ್ಕೆ ಒಪ್ಪಬೇಡಿ, ಆ ತೆಳು ಪದರ ಮುಂದೆ ಹೊಪ್ಪಳಿಕೆಯಾಗಿ ಏಳುತ್ತದೆ. ಬಿಳಿ ಉಪ್ಪು ಕಾಣಿಸಿದರೆ ಒಣ ಬ್ರಷ್‌ನಿಂದ ಉಜ್ಜಿ ತೆಗೆದರೆ ಸಾಕು. ಬಣ್ಣಕ್ಕೆ ಸಾಮಾನ್ಯವಾಗಿ 28 ದಿನ ಕಾಯುತ್ತಾರೆ. ಮಳೆಗಾಲದಲ್ಲಿ ಗೋಡೆ ಅಷ್ಟರಲ್ಲೂ ಒಣಗಿರುವುದಿಲ್ಲ, ಆದ್ದರಿಂದ ಹೊರಗಿನ ಬಣ್ಣವನ್ನು ಮಳೆ ಮುಗಿದ ಮೇಲೆ ಹಚ್ಚಿಸಿ.