ಅಲ್ಲಿ ದೇವರ ಹಕ್ಕಿ, ಇಲ್ಲಿ ಜೋಳದ ಕಳ್ಳ

ಬೆಳಗಿನ ಸೂರ್ಯ ಕಣ್ಣು ಬಿಡುವುದೇ ತಡ, ಹಿಂಡು ಹಿಂಡಾಗಿ ಹಕ್ಕಿಗಳು ಬಿಳಿಜೋಳದ ಹೊಲಕ್ಕೆ ಎರಗುತ್ತವೆ. ಅದೇ ಗಳಿಗೆಗೆ ನಾಲ್ಕೂ ದಿಕ್ಕಿನಿಂದ ಕೂಗು, ಕೇಕೆ. ಕವಣೆಯ ಕಲ್ಲು ಹಾರುತ್ತದೆ. ಉದ್ದನೆಯ ಹಗ್ಗವನ್ನು ಚಾವಟಿಯ ಹಾಗೆ ಬೀಸಿ ಪಟಾರನೆ ಸಿಡಿಸುವುದರಲ್ಲಿ ಕಾವಲುಗಾರರ ಕೈ ಪಳಗಿದೆ. ಆದರೂ ಹಕ್ಕಿ ಸುಲಭಕ್ಕೆ ಸೋಲುವುದಿಲ್ಲ. ತೆನೆಯ ಮೇಲೆ ಒಂದು ಕ್ಷಣ ಕೂತರೆ ಸಾಕು, ನಾಲ್ಕಾರು ಕಾಳು ಕಿತ್ತುಕೊಂಡೇ ಏಳುತ್ತದೆ. ಹೊತ್ತು ಏರಿ ಒಂಬತ್ತು-ಹತ್ತು ಗಂಟೆಯಾದಾಗ ಗಲಾಟೆ ತಣ್ಣಗಾಗುತ್ತದೆ. ಕಾಯುವವರು ಉಸ್ಸೆಂದು ಕೂರುತ್ತಾರೆ. ಸಂಜೆಗೆ ಮತ್ತೆ ಲೂಟಿ, ಮತ್ತೆ ಕೂಗು. ಹೊತ್ತು ಮುಳುಗಿದ ಮೇಲೆ ಸಾವಿರ ಸಾವಿರ ಹಕ್ಕಿಗಳು ಮರಗಳ ಕಡೆಗೆ ತಂಗಲು ಹೋಗುತ್ತವೆ.

ಸುಮಾರು ಇನ್ನೂರು ವರ್ಷದ ಹಿಂದಿನ ಈ ಚಿತ್ರವನ್ನು ಬರೆದಿಟ್ಟವನು ವಾಲ್ಟರ್ ಎಲಿಯಟ್. ಕಂಪನಿ ಸರ್ಕಾರದ ಅಧಿಕಾರಿಯಾಗಿ ಧಾರವಾಡ ಸೀಮೆಯಲ್ಲಿ ನೌಕರಿ ಮಾಡಿದ ಈತ 1824ರ ಕಿತ್ತೂರು ಯುದ್ಧದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆ ಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ. ಮುಂದೆ ಕನ್ನಡ ನಾಡಿನ ನೂರಾರು ಶಾಸನಗಳ ಪ್ರತಿ ಮಾಡಿಸಿದವನೂ ಇವನೇ. ಶಾಸನದ ಮೇಲಿದ್ದಷ್ಟೇ ಅಕ್ಕರೆ ಅವನಿಗೆ ಪ್ರಾಣಿ-ಪಕ್ಷಿಗಳ ಮೇಲೂ ಇತ್ತು. ಸೇನಾ ವೈದ್ಯನಾಗಿದ್ದ ಟಿ.ಸಿ. ಜರ್ಡನ್ 1862-64ರಲ್ಲಿ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದಾಗ ಈ ಹಕ್ಕಿಯ ವಿಚಾರಕ್ಕೆ ಎಲಿಯಟ್ ಬರೆದದ್ದನ್ನೇ ಎತ್ತಿಕೊಂಡ. ಆ ಕಾಲದ ಇಂಗ್ಲಿಷರ ಬಾಯಲ್ಲಿ ಇದು 'ಜೋವಾರಿ ಹಕ್ಕಿ'.

ಇಂದು ನಾವು ಗುಲಾಬಿ ಕಬ್ಬಕ್ಕಿ ಎನ್ನುವುದು ಇದನ್ನೇ. ಗೊರವಂಕದ ಬಳಗದ್ದು, ಗಾತ್ರದಲ್ಲಿ ಅದಕ್ಕಿಂತ ತುಸು ಸಣ್ಣದು. ಮೈ ತಿಳಿ ಗುಲಾಬಿ, ತಲೆ, ರೆಕ್ಕೆ, ಬಾಲ ಮಿರುಗುವ ಕಪ್ಪು, ನೆತ್ತಿಯ ಮೇಲೆ ಒರಗಿದ ಜುಟ್ಟು.

ಈ ಹಕ್ಕಿಗೆ ಬೇಕಾದದ್ದು ಗಟ್ಟಿ ಕಾಳಲ್ಲ, ಹಾಲುಗಾಳು ಎಂದು ಎಲಿಯಟ್ ಗುರುತಿಸಿದ್ದ. ಕಾಳಿನೊಳಗೆ ಹಿಟ್ಟು ಇನ್ನೂ ಮೆತ್ತಗೆ, ಹಾಲುಹಾಲಾಗಿ ಇರುವ ಹದ ಅದು. ಉತ್ತರ ಕರ್ನಾಟಕದವರಿಗೆ ಈ ಹದದ ಆಸುಪಾಸನ್ನು ವಿವರಿಸಬೇಕಿಲ್ಲ. ಹಿಂಗಾರಿ ಜೋಳ ಎಳೆಗಾಳಾಗುವುದು ಎಳ್ಳಮಾವಾಸ್ಯೆಯ ಸುಮಾರಿಗೆ. ಹೊಲದಲ್ಲೇ ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿಬಿಸಿಯಾಗಿ ಬಡಿದು, ತಿಕ್ಕಿ, ಹೊಟ್ಟು ಹಾರಿಸಿ, ಶೇಂಗಾ ಚಟ್ನಿಯ ಜೊತೆ ಮುಕ್ಕುವ ಸೀತನಿಯ ಕಾಲವೂ ಅದೇ. ಹಕ್ಕಿಗೂ ಮನುಷ್ಯನಿಗೂ ನಾಲಿಗೆ ಒಂದೇ ಆದದ್ದು ಜಗಳದ ಮೂಲ. ಮಳೆ ಕೈಕೊಟ್ಟ ವರ್ಷ ಎಕರೆಗೆ ಎರಡು ಚೀಲ ಕಂಡರೆ ಪುಣ್ಯ ಎನ್ನುವ ಒಣಬೇಸಾಯದ ರೈತನಿಗೆ ಸಾವಿರ ಕೊಕ್ಕಿನ ಹಿಂಡು ಇಳಿದರೆ ಅದು ಚೆಲುವಿನ ವಿಷಯವಲ್ಲ. ಅವನ ಕವಣೆಯನ್ನು ಕ್ರೌರ್ಯ ಎನ್ನುವವರು ಆ ಹೊಲದ ಲೆಕ್ಕ ನೋಡಿಲ್ಲ ಎನ್ನಬೇಕು.

ಈಗ ಇದೇ ಹಕ್ಕಿಯನ್ನು ಪಶ್ಚಿಮ ಏಷ್ಯಾದಲ್ಲಿ ನೋಡೋಣ.

ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯಲ್ಲಿ ಸೆಲ್ಯೂಸಿಡೀಸ್ ಎಂಬ ಹಕ್ಕಿಗಳ ಬಗ್ಗೆ ಹೇಳುತ್ತಾನೆ. ಇಂದಿನ ತುರ್ಕಿ-ಸಿರಿಯಾ ಗಡಿಯಲ್ಲಿರುವ ಕಾಸಿಯಸ್ ಬೆಟ್ಟದ ಜನ, ಮಿಡತೆ ಬಂದು ಬೆಳೆ ತಿನ್ನುವಾಗ ಈ ಹಕ್ಕಿಗಳನ್ನು ಕಳಿಸಿಕೊಡು ಎಂದು ಜುಪಿಟರ್ ದೇವರಿಗೆ ಮೊರೆ ಇಡುತ್ತಿದ್ದರಂತೆ. ಹಕ್ಕಿಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಯಾರಿಗೂ ತಿಳಿಯದು. ಬೇಕಾದಾಗ ಮಾತ್ರ ಕಾಣುತ್ತವೆ. ಪ್ಲಿನಿಯ ಪುಸ್ತಕದಲ್ಲಿ ಕಟ್ಟುಕತೆಗಳಿಗೆ ಬರವಿಲ್ಲ, ಆದರೆ ಇದರ ಹಿಂದೆ ಗುಲಾಬಿ ಕಬ್ಬಕ್ಕಿ ಇರಬೇಕು ಎನ್ನುವ ವಿದ್ವಾಂಸರ ಊಹೆ ತೂಕದ್ದೇ. ಈ ಹಕ್ಕಿ ಒಂದು ವರ್ಷ ಒಂದೆಡೆ ಲಕ್ಷಗಟ್ಟಲೆ ಗೂಡು ಕಟ್ಟಿ, ಮರುವರ್ಷ ಅತ್ತ ತಲೆಯನ್ನೂ ಹಾಕದೆ ಇರಬಲ್ಲದು.

18ನೇ ಶತಮಾನಕ್ಕೆ ಬಂದರೆ ಅದು ಸಿರಿಯಾದ ಸಮರ್‌ಮರ್. ಫ್ರೆಂಚ್ ಪ್ರವಾಸಿ ವೋಲ್ನಿ 1780ರ ದಶಕದಲ್ಲಿ ಅಲ್ಲಿ ಓಡಾಡಿದಾಗ, ಮಿಡತೆಗೆ ವೈರಿಯಾದ ಈ ಹಕ್ಕಿಯನ್ನು ರೈತರು ಗೌರವದಿಂದ ಕಾಣುತ್ತಾರೆ, ಯಾರೂ ಕೊಲ್ಲಗೊಡುವುದಿಲ್ಲ ಎಂದು ಬರೆದ. ಹಕ್ಕಿಯನ್ನು ಕರೆಸಲು ಒಂದು ವಿಧಿಯೂ ಇತ್ತು. ದೂರದ ಒಂದು ಪವಿತ್ರ ಬುಗ್ಗೆಯ ನೀರನ್ನು ಫಕೀರರು ಹೊತ್ತು ತರಬೇಕು. ದಾರಿಯಲ್ಲಿ ಪಾತ್ರೆ ನೆಲ ಮುಟ್ಟಕೂಡದು, ಯಾವ ಸೂರಿನ ಕೆಳಗೂ ಹಾಯಕೂಡದು. ನೀರು ಹೋದಲ್ಲಿಗೆ ಹಕ್ಕಿ ಹಿಂಬಾಲಿಸಿ ಬರುತ್ತದೆ ಎಂಬುದು ನಂಬಿಕೆ. ಅಲೆಪ್ಪೊ ನಗರದ ಬಾಗಿಲಿಗೆ ಕಮಾನು ಇರುವುದರಿಂದ ನೀರನ್ನು ಗೋಡೆಯ ಮೇಲಿಂದ ಎತ್ತಿ ಒಳಗೆ ತರುತ್ತಿದ್ದರಂತೆ. ಒಟ್ಟೋಮನ್ ಆಳ್ವಿಕೆಯಲ್ಲಿ ಈ 'ಕಬ್ಬಕ್ಕಿ ನೀರು' ಬರೀ ಹಳ್ಳಿಗರ ಆಚರಣೆಯಾಗಿ ಉಳಿಯಲಿಲ್ಲ, ಸರ್ಕಾರವೇ ಜನರನ್ನು ಕಳಿಸಿ ತರಿಸುತ್ತಿತ್ತು. ಮಳೆಗಾಗಿ ಕಪ್ಪೆಗೆ ಮದುವೆ ಮಾಡುವ ನಾಡಿನವರು ನಾವು, ನಗುವ ಹಕ್ಕು ನಮಗಿಲ್ಲ.

ಅರಾರತ್ ಪರ್ವತದ ಮಗ್ಗುಲಿನ ಅರ್ಗೂರಿ ಎಂಬ ಅರ್ಮೇನಿಯನ್ ಹಳ್ಳಿಯಲ್ಲೂ ಇಂಥದೇ ನೀರಿತ್ತು. ಸಂತ ಜೇಕಬನ ಬುಗ್ಗೆ ಎಂದು ಹೆಸರು. ಊರು ಮತ್ತು ಮಠ 1840ರ ಭೂಕಂಪ ಮತ್ತು ಭೂಕುಸಿತದಲ್ಲಿ ಮಣ್ಣುಪಾಲಾದವು. ಆದರೆ 1876ರಲ್ಲಿ ಅರಾರತ್ ಏರಿದ ಬ್ರಿಟಿಷ್ ವಿದ್ವಾಂಸ ಜೇಮ್ಸ್ ಬ್ರೈಸ್‌ನ ಕಿವಿಗೂ ಆ ನೀರಿನ ಮಹಿಮೆ ಬಿದ್ದಿತ್ತು. ಮುಸ್ಲಿಮರ ಫಕೀರ, ಕ್ರೈಸ್ತರ ಸಂತ, ರೋಮನ್ನರ ಜುಪಿಟರ್: ದೇವರು ಬದಲಾದರೂ ಹಕ್ಕಿ ಬದಲಾಗಲಿಲ್ಲ.

ನೀರಿಗೆ ಹಕ್ಕಿ ಬರುತ್ತದೋ ಬಿಡುತ್ತದೋ, ಮಿಡತೆಗಂತೂ ಬರುತ್ತದೆ. ಗುಲಾಬಿ ಕಬ್ಬಕ್ಕಿ ಮರಿ ಮಾಡುವುದು ಪೂರ್ವ ಯುರೋಪಿನಿಂದ ಚೀನಾದ ಪಶ್ಚಿಮ ಅಂಚಿನವರೆಗಿನ ಹುಲ್ಲುಗಾವಲಿನಲ್ಲಿ, ಮೇ-ಜೂನ್ ತಿಂಗಳಲ್ಲಿ. ಕಲ್ಲುಬಂಡೆಗಳ ಸಂದು, ಪಾಳು ಗೋಡೆಯ ಬಿರುಕು, ಗಣಿಯ ಕಲ್ಲುರಾಶಿ, ಎಲ್ಲಿ ಬಿಲ ಸಿಕ್ಕರೆ ಅಲ್ಲಿ ಗುಂಪಾಗಿ ಗೂಡು. ಮರಿಗಳಿಗೆ ಹುಳುವಿನ ಆಹಾರವೇ ಬೇಕು, ಆ ಹೊತ್ತಿಗೆ ಹುಲ್ಲುಗಾವಲಿನಲ್ಲಿ ಧಾರಾಳವಾಗಿ ಸಿಗುವುದು ಮಿಡತೆ. ಮಿಡತೆ ಎಲ್ಲಿ ಮಿತಿಮೀರಿದೆಯೋ ಅಲ್ಲಿ ಹಕ್ಕಿ ಬಿಡಾರ ಹೂಡುತ್ತದೆ. 1875ರಲ್ಲಿ ಹಾಗೇ ಇಟಲಿಯವರೆಗೂ ಹೋಗಿ, ವೆರೋನಾ ಬಳಿಯ ವಿಲ್ಲಾಫ್ರಾಂಕಾ ಕೋಟೆಯ ಪಾಳು ಗೋಡೆಗಳಲ್ಲಿ ಸಾವಿರಾರು ಹಕ್ಕಿಗಳು ಸಂಸಾರ ಮಾಡಿದ್ದವು. ಮರಿ ಹಾರಿದ ಮೇಲೆ ಅಲ್ಲಿ ಒಂದು ದಿನವೂ ಹೆಚ್ಚಿಗೆ ನಿಲ್ಲುವ ಜಾತಿ ಇದಲ್ಲ. ಜುಲೈ-ಆಗಸ್ಟ್ ಹೊತ್ತಿಗೆ ಭಾರತದ ಕಡೆ ಹೊರಟಿರುತ್ತದೆ. ಮರಿ ಸಾಕುವ ಕೆಲಸ ಮುಗಿದಿರುವುದರಿಂದ ಇಲ್ಲಿ ಕಾಳು, ಹಣ್ಣು, ಮಕರಂದ ಎಲ್ಲವೂ ನಡೆಯುತ್ತದೆ. ಹೀಗಾಗಿ ಅಲ್ಲಿನ ರೈತನಿಗೆ ಸಿಕ್ಕಿದ್ದು ಹಕ್ಕಿಯ ದುಡಿಮೆ, ನಮ್ಮ ರೈತನಿಗೆ ಸಿಕ್ಕಿದ್ದು ಅದರ ಹಸಿವು. ಇಬ್ಬರೂ ಕಂಡದ್ದನ್ನೇ ಹೇಳಿದರು.

ಮಂತ್ರದ ನೀರಿನ ಜಾಗಕ್ಕೆ ಚೀನಾದ ಷಿನ್‌ಜಿಯಾಂಗ್‌ನಲ್ಲಿ ಕಲ್ಲಿನ ಗುಡ್ಡೆ ಬಂತು. ಮಿಡತೆಗೆ ವಿಷ ಸಿಂಪಡಿಸಿ ಸಾಕಾದ ಅಲ್ಲಿನ ಹುಲ್ಲುಗಾವಲು ಇಲಾಖೆಯವರು 1980ರ ದಶಕದಿಂದ ಕಬ್ಬಕ್ಕಿಗೆಂದೇ ಕಲ್ಲು ಪೇರಿಸಿ, ಇಟ್ಟಿಗೆಯ ಗೂಡುಮನೆ ಕಟ್ಟಿ ಇಡತೊಡಗಿದರು. ಹಕ್ಕಿ ಬಂತು, ವಿಷದ ಖರ್ಚು ತಗ್ಗಿತು. 2018ರಲ್ಲಿ ಇಲಿ ಕಣಿವೆಯ ನಿಲ್ಕಾ ಎಂಬಲ್ಲಿ ಹೆದ್ದಾರಿ ಕಾಮಗಾರಿಗೆ ತಂದು ಸುರಿದಿದ್ದ ಕಲ್ಲುಗಳ ಸಂದಿನಲ್ಲಿ ಕಬ್ಬಕ್ಕಿಗಳು ಗೂಡು ಕಟ್ಟಿದಾಗ, ಮರಿಗಳು ಹಾರುವವರೆಗೆ ರಸ್ತೆ ಕೆಲಸವನ್ನೇ ನಿಲ್ಲಿಸಿದರು.

ನಮ್ಮಲ್ಲಿ ಬದಲಾವಣೆ ಬೇರೆ ದಾರಿಯಲ್ಲಿ ಬಂತು. ಹಕ್ಕಿಯ ಮೇಲೆ ಪ್ರೀತಿ ಉಕ್ಕಿದ್ದಕ್ಕಿಂತ ಮೊದಲು ಜೋಳವೇ ಕಡಿಮೆಯಾಯಿತು. 1970ರ ದಶಕದಲ್ಲಿ ಕರ್ನಾಟಕದಲ್ಲಿ 20 ಲಕ್ಷ ಹೆಕ್ಟೇರಿಗೂ ಮೀರಿ ಇದ್ದ ಜೋಳ ಇಂದು ಅದರ ಅರ್ಧದಷ್ಟೂ ಇಲ್ಲ. ಆ ಜಾಗವನ್ನು ಗೋವಿನಜೋಳ, ಹತ್ತಿ, ತೊಗರಿ, ಕಡಲೆ, ಕಬ್ಬು ಹಂಚಿಕೊಂಡಿವೆ. ಹಕ್ಕಿ ಕಾಯಲು ಆಳು ಸಿಗುವುದಿಲ್ಲ, ಮಕ್ಕಳು ಶಾಲೆಯಲ್ಲಿದ್ದಾರೆ, ಅಟ್ಟದ ಮೇಲೆ ಕೂತು ಕವಣೆ ಬೀಸುವವರೂ ಅಪರೂಪ. ಇನ್ನೂ ಜೋಳ ಬಿತ್ತುವವನ ಪಾಡು ಇನ್ನಷ್ಟು ಕಷ್ಟ. ಸುತ್ತ ಬೇರೆ ಬೆಳೆಯಿದ್ದು ನಡುವೆ ಒಂದೇ ತುಂಡು ಜೋಳವಿದ್ದರೆ ಊರಿನ ಹಕ್ಕಿಯೆಲ್ಲ ಅಲ್ಲಿಗೇ ಬರುತ್ತದೆ. ಹಕ್ಕಿ ಕಾಟಕ್ಕೇ ಜೋಳ ಬಿಟ್ಟೆವು ಎನ್ನುವ ರೈತರ ಮಾತನ್ನು ಈ ಲೆಕ್ಕದಲ್ಲಿ ಕೇಳಬೇಕು.

ಇನ್ನೊಂದು ಕಡೆಯಿಂದ ಹಕ್ಕಿಯ ಒಳ್ಳೆಯತನದ ಪಟ್ಟಿಯೂ ಬೆಳೆಯುತ್ತ ಬಂತು. ಹೂವಿಗೂ ಹಕ್ಕಿಗೂ ಇರುವ ನಂಟಿನ ಬಗ್ಗೆ ಸಲೀಂ ಅಲಿ 1932ರಲ್ಲೇ ದೀರ್ಘವಾಗಿ ಬರೆದಿದ್ದರು. ಮುತ್ತುಗ, ಬೂರುಗ, ಹಾಲುವಾಣ ಹೂ ಬಿಟ್ಟಾಗ ಈ ಕಬ್ಬಕ್ಕಿಗಳು ಮುಗಿಬಿದ್ದು ಮಕರಂದ ಹೀರುತ್ತವೆ, ಮುಖಕ್ಕೆ ಪರಾಗ ಮೆತ್ತಿಕೊಂಡು ಮರದಿಂದ ಮರಕ್ಕೆ ಹಾರುತ್ತವೆ. ಆಲ, ಅರಳಿಯ ಹಣ್ಣು ತಿಂದು ಬೀಜ ಹರಡುತ್ತವೆ. ಹೊಲದ ಮಿಡತೆ-ಕೀಡೆಗಳನ್ನು ಇಲ್ಲೂ ಬಿಡುವುದಿಲ್ಲ. ಆದರೆ ಇದನ್ನೇ ಹಿಡಿದು ಮಿಡತೆ ದಾಳಿಯಿಂದ ನಮ್ಮನ್ನು ಕಾಯುವ ಹಕ್ಕಿ ಎಂದು ಹೊಗಳುವುದು ಅತಿಯಾದೀತು. 2020ರ ಮೇ ತಿಂಗಳಲ್ಲಿ ರಾಜಸ್ಥಾನ ದಾಟಿ ಮಧ್ಯಪ್ರದೇಶ, ಮಹಾರಾಷ್ಟ್ರಕ್ಕೆ ಮರುಭೂಮಿ ಮಿಡತೆ ನುಗ್ಗಿ, ಬೀದರ್, ಕಲಬುರಗಿಯಲ್ಲಿ ಎಚ್ಚರಿಕೆ ಸಾರಿದಾಗ ಕಬ್ಬಕ್ಕಿಗಳು ಮರಿ ಮಾಡಲು ಮಧ್ಯ ಏಷ್ಯಾಕ್ಕೆ ಹೋಗಿಯಾಗಿತ್ತು.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ಕೆರೆ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಚಳಿಗಾಲದ ಸಂಜೆ ಅಲ್ಲಿನ ಜಾಲಿ ಮರಗಳಿಗೆ ಸಾವಿರಾರು ಗುಲಾಬಿ ಕಬ್ಬಕ್ಕಿಗಳು ತಂಗಲು ಬರುತ್ತವೆ. ಆಕಾಶದಲ್ಲಿ ಅವು ಹಿಗ್ಗಿ ಕುಗ್ಗಿ ತಿರುಗುವುದನ್ನು ಹಿಡಿಯಲು ಕ್ಯಾಮೆರಾ ಹೊತ್ತವರು ದೂರದ ಊರುಗಳಿಂದ ಹೋಗುತ್ತಾರೆ. ಒಳ್ಳೆಯದೇ. ಆದರೆ ಆ ಫೋಟೊಗಳ ಕೆಳಗೆ ಬರುವ 'ವಿದೇಶಿ ಅತಿಥಿ' ಎಂಬ ಸಾಲು ಸರಿಯಿಲ್ಲ. ವರ್ಷದಲ್ಲಿ ಎಂಟು-ಒಂಬತ್ತು ತಿಂಗಳು ಭಾರತದಲ್ಲೇ ಉಂಡು, ಮರಿ ಮಾಡಲಷ್ಟೇ ಹೊರಗೆ ಹೋಗಿಬರುವ ಹಕ್ಕಿ ಅದು.

ಆ ಫೋಟೊಗಳಲ್ಲಿ ಕಾಣದವನು ಜೋಳ ಕಾದ ರೈತ. ಕಬ್ಬಕ್ಕಿ ನೋಡಲು ಬಳ್ಳಾರಿ, ಗದಗ, ವಿಜಯಪುರದ ಕಡೆ ಹೋಗುವವರು ಊರಿನ ಎಪ್ಪತ್ತು ದಾಟಿದವರ ಜೊತೆ ಅರ್ಧ ಗಂಟೆ ಕೂತು ಮಾತಾಡಿ ಬರಲಿ. ಕವಣೆಯನ್ನು ಯಾವ ನಾರಿನಿಂದ ಹೆಣೆಯುತ್ತಿದ್ದರು, ಕಾವಲಿಗೆ ಕೂಲಿ ದುಡ್ಡೋ ಕಾಳೋ, ಹಿಂಡು ಮೊದಲು ಕಾಣುತ್ತಿದ್ದದ್ದು ಯಾವ ಹಬ್ಬದ ಹೊತ್ತಿಗೆ, ಈಗ ಎಷ್ಟು ಬರುತ್ತವೆ ಎಂದು ಕೇಳಿ ಬರೆದಿಟ್ಟುಕೊಳ್ಳಲಿ. ಎಲಿಯಟ್‌ನ ಒಂದು ಪುಟ ಬಿಟ್ಟರೆ ಜೋಳ ಕಾಯುವವರ ಚರಿತ್ರೆಯಲ್ಲಿ ಬರವಣಿಗೆಗೆ ಇಳಿದದ್ದು ತೀರ ಕಡಿಮೆ.