ಹೆಣ್ಣು ಎತ್ತಿದ ಕಬ್ಬಿಣ

ಹೆಣ್ಣು ಭಾರ ಎತ್ತಬಾರದು ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಆದರೆ ಆಕೆ ಭಾರ ಎತ್ತದ ಕಾಲ ಯಾವುದಿತ್ತು? ನಮ್ಮ ಅಜ್ಜಿಯಂದಿರು ಬೆಳಗಿನ ಜಾವ ಎದ್ದು ಬೀಸುಕಲ್ಲು ತಿರುಗಿಸಿದರು, ಒನಕೆಯಲ್ಲಿ ಭತ್ತ ಕುಟ್ಟಿದರು, ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ದಿಣ್ಣೆ ಹತ್ತಿದರು. ಅದನ್ನು ಯಾರೂ ಬಲ ಎಂದು ಕರೆಯಲಿಲ್ಲ, ಕೆಲಸ ಎಂದರು. ಬಲ ಎಂಬುದು ಗರಡಿಮನೆಯೊಳಗಿತ್ತು. ಅಲ್ಲಿನ ಸಾಮು, ಗದೆ, ಗುಂಡುಕಲ್ಲುಗಳೆಲ್ಲ ಗಂಡಸರ ಸೊತ್ತು. ಆ ಹೊಸ್ತಿಲನ್ನು ಹೆಣ್ಣು ಸಾಮಾನ್ಯವಾಗಿ ದಾಟುವಂತಿರಲಿಲ್ಲ. ಮನೆಯವರಿಗಾಗಿ ಎಷ್ಟು ಬೇಕಾದರೂ ಎತ್ತಬಹುದು, ತನ್ನ ದೇಹಕ್ಕಾಗಿ ಎತ್ತಬಾರದು ಎಂಬುದೇ ಆ ಮಾತಿನ ನಿಜವಾದ ಅರ್ಥ.

ಈ ಕಟ್ಟಳೆ ನಮ್ಮ ನಾಡಿಗಷ್ಟೇ ಸೀಮಿತವಾಗಿರಲಿಲ್ಲ. ಬಾರ್‌ಬೆಲ್, ಅಂದರೆ ಎರಡೂ ತುದಿಗೆ ತೂಕದ ತಟ್ಟೆಗಳನ್ನು ಸೇರಿಸಿದ ಕಬ್ಬಿಣದ ಸರಳು, ಪಶ್ಚಿಮದಲ್ಲಿಯೂ ಬಹುಕಾಲ ಪುರುಷರ ಸಾಧನವಾಗಿಯೇ ಇತ್ತು. ಭಾರ ಎತ್ತಿದ ಹೆಣ್ಣು ಅಲ್ಲಿ ಸರ್ಕಸ್ಸಿನ ಸೋಜಿಗವಾಗಬಹುದಿತ್ತೇ ಹೊರತು, ನೆರೆಮನೆಯ ಹೆಣ್ಣಾಗಿ ಉಳಿಯುವಂತಿರಲಿಲ್ಲ.

ಇದನ್ನು ಬದಲಿಸಿದವರಲ್ಲಿ ಅಮೆರಿಕದ ಅಬೀ ಸ್ಟಾಕ್ಟನ್ (1917-2006) ಮುಖ್ಯರು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಆಕೆ ಟೆಲಿಫೋನ್ ಆಪರೇಟರ್ ಆಗಿದ್ದರು. ದಿನವಿಡೀ ಕೂತು ಮಾಡುವ ಕೆಲಸದಿಂದ ಮೈತೂಕ ಏರಿದಾಗ, ಮುಂದೆ ಆಕೆಯ ಪತಿಯಾದ ಲೆಸ್ ಸ್ಟಾಕ್ಟನ್ ಡಂಬೆಲ್‌ಗಳನ್ನು ತಂದುಕೊಟ್ಟರು. ಆಕೆಯ ಅಭ್ಯಾಸ ಆರಂಭವಾದದ್ದು ಹಾಗೆ. ಹೆಂಗಸರ ವ್ಯಾಯಾಮಕ್ಕೆ ಒಪ್ಪುವ ಉಡುಪು ಅಂಗಡಿಗಳಲ್ಲಿ ಇಲ್ಲದಿದ್ದುದರಿಂದ ತಾಯಿಯೇ ಹೊಲಿದುಕೊಡಬೇಕಾಯಿತು. 1944ರಿಂದ ಸುಮಾರು ಹತ್ತು ವರ್ಷ 'ಸ್ಟ್ರೆಂತ್ ಅಂಡ್ ಹೆಲ್ತ್' ಪತ್ರಿಕೆಯಲ್ಲಿ ಆಕೆ ಮಹಿಳೆಯರಿಗಾಗಿ ಅಂಕಣ ಬರೆದರು. ಭಾರ ಎತ್ತಿದರೆ ಹೆಣ್ಣು ಗಂಡಿನಂತಾಗುತ್ತಾಳೆ ಎಂಬ ಭಯವನ್ನು ಆಕೆಯ ಬರಹ ಮತ್ತು ಚಿತ್ರಗಳು ಹುಸಿ ಮಾಡಿದವು. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರ ಅಧಿಕೃತ ಭಾರ ಎತ್ತುವ ಸ್ಪರ್ಧೆ ನಡೆಯಲು ಶ್ರಮಿಸಿದವರೂ ಆಕೆಯೇ. ಅಲ್ಲಿ ಆಕೆ ಸುಮಾರು 61 ಕಿಲೋ ಭಾರವನ್ನು ತಲೆಯ ಮೇಲಕ್ಕೆ ಎತ್ತಿದರು. ಮರುವರ್ಷ ಮಹಿಳೆಯರಿಗಾಗಿಯೇ ವ್ಯಾಯಾಮ ಶಾಲೆ ತೆರೆದರು.

ಆದರೂ ಜಗತ್ತು ಅವಸರಪಡಲಿಲ್ಲ. ಮಹಿಳೆಯರ ಮೊದಲ ವಿಶ್ವ ಚಾಂಪಿಯನ್‌ಶಿಪ್ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ನಡೆದದ್ದು 1987ರಲ್ಲಿ. 1896ರ ಪ್ರಥಮ ಒಲಿಂಪಿಕ್ಸ್‌ನಲ್ಲಿಯೇ ಪುರುಷರು ಭಾರ ಎತ್ತಿದ್ದರು. ಮಹಿಳೆಯರಿಗೆ ಆ ಅವಕಾಶ ಸಿಕ್ಕಿದ್ದು 2000ದ ಸಿಡ್ನಿಯಲ್ಲಿ, ಬರೋಬ್ಬರಿ 104 ವರ್ಷಗಳ ನಂತರ! ಅದೇ ಸಿಡ್ನಿಯಲ್ಲಿ ನೆರೆಯ ಆಂಧ್ರದ ಶ್ರೀಕಾಕುಳಂ ಜಿಲ್ಲೆಯ ಕರ್ಣಂ ಮಲ್ಲೇಶ್ವರಿ 69 ಕಿಲೋ ವಿಭಾಗದಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದರು. ಒಲಿಂಪಿಕ್ಸ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಆಕೆ.

ಬಾಗಿಲು ತೆರೆಯಿತು, ಆದರೆ ಎಲ್ಲರಿಗೂ ಅಲ್ಲ. ಅಮೆರಿಕದ ಅಟ್ಲಾಂಟಾದಲ್ಲಿದ್ದ ಪಾಕಿಸ್ತಾನಿ ಮೂಲದ ಕುಲ್ಸೂಮ್ ಅಬ್ದುಲ್ಲಾ ಕಂಪ್ಯೂಟರ್ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದವರು. ತಲೆ, ತೋಳು, ಕಾಲುಗಳನ್ನು ಮುಚ್ಚುವ ಉಡುಪಿನಲ್ಲಿಯೇ ಭಾರ ಎತ್ತುತ್ತಿದ್ದರು. ರಾಷ್ಟ್ರಮಟ್ಟದ ಸ್ಪರ್ಧೆಗೆ ಅರ್ಹತೆ ಪಡೆದಾಗ ನಿಯಮ ಅಡ್ಡ ಬಂತು. ಮೊಣಕೈ, ಮೊಣಕಾಲು ಪೂರ್ತಿ ನೇರವಾಯಿತೇ ಎಂದು ತೀರ್ಪುಗಾರರಿಗೆ ಕಾಣಬೇಕು ಎಂಬುದು ಕಾರಣ. ಈ ಕಾರಣ ಹುರುಳಿಲ್ಲದ್ದೇನಲ್ಲ. ಆದ್ದರಿಂದ ಕುಲ್ಸೂಮ್ ಅದನ್ನು ತಿರಸ್ಕರಿಸಲಿಲ್ಲ, ಅದಕ್ಕೆ ಪರಿಹಾರವಿದೆ ಎಂದು ಮನವರಿಕೆ ಮಾಡಿದರು. ಮೈಗೆ ಅಂಟಿಕೊಳ್ಳುವ ಬಟ್ಟೆಯೊಳಗೂ ಕೀಲುಗಳು ನೇರವಾದದ್ದು ಕಾಣುತ್ತದೆ ಎಂಬುದನ್ನು ಅಂತಾರಾಷ್ಟ್ರೀಯ ಒಕ್ಕೂಟ 2011ರ ಜೂನ್‌ನಲ್ಲಿ ಒಪ್ಪಿ ನಿಯಮ ಬದಲಿಸಿತು. ಅದೇ ವರ್ಷ ಆಕೆ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲೂ, ಬಳಿಕ ಪಾಕಿಸ್ತಾನದ ಪರವಾಗಿ ಪ್ಯಾರಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಪಾಲ್ಗೊಂಡರು. ಐದೇ ವರ್ಷಗಳ ನಂತರ, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಈಜಿಪ್ಟಿನ 18ರ ಹರೆಯದ ಸಾರಾ ಅಹ್ಮದ್ ಹಿಜಾಬ್ ಧರಿಸಿ 255 ಕಿಲೋ ಎತ್ತಿ ಕಂಚು ಗೆದ್ದರು.

ಹಿಜಾಬ್ ಧರಿಸಿದವಳಿಗೆ ಕ್ರೀಡೆ ಸಾಧ್ಯವಿಲ್ಲ ಎನ್ನುವವರಿಗೂ, ಕ್ರೀಡೆ ಹೆಣ್ಣಿಗೆ ಸಲ್ಲದು ಎಂದು ಧರ್ಮದ ಹೆಸರಲ್ಲಿ ಹೇಳುವವರಿಗೂ ಇದೊಂದೇ ಉತ್ತರ ಸಾಕು. ಪ್ರವಾದಿವರ್ಯರು(ಸ) ಹಝ್ರತ್ ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದರು, ಒಮ್ಮೆ ಆಯಿಶಾರೇ(ರ) ಗೆದ್ದಿದ್ದರು ಎಂಬುದನ್ನು ಹದೀಸ್ ಗ್ರಂಥಗಳಿಂದ ನಾವು ಬಲ್ಲೆವು. ಬಲವುಳ್ಳ ವಿಶ್ವಾಸಿಯನ್ನು ಅವರು ಮೆಚ್ಚಿದ್ದನ್ನು ಭಾಷಣಗಳಲ್ಲಿ ಕೇಳುತ್ತೇವೆ. ಆ ಬಲದಲ್ಲಿ ಹೆಣ್ಣುಮಕ್ಕಳ ಪಾಲೆಷ್ಟು ಎಂದು ಕೇಳುವವರು ಮಾತ್ರ ವಿರಳ.

ಇನ್ನು ಸಾಧನದ ಮಾತು. ಸ್ಪರ್ಧೆಯ ಪುರುಷರ ಸರಳು 20 ಕಿಲೋ, 28 ಮಿಲಿಮೀಟರ್ ದಪ್ಪ. ಮಹಿಳೆಯರದು 15 ಕಿಲೋ, 25 ಮಿಲಿಮೀಟರ್. ಮೂರು ಮಿಲಿಮೀಟರ್ ಅಲ್ಪವೆನಿಸಬಹುದು, ಆದರೆ ಸಣ್ಣ ಅಂಗೈಯ ಹಿಡಿತಕ್ಕೆ ಅದು ದೊಡ್ಡ ವ್ಯತ್ಯಾಸ. ತಟ್ಟೆ ತೂರಿಸುವ ತುದಿ ಎರಡರಲ್ಲೂ 50 ಮಿಲಿಮೀಟರ್ ಆಗಿರುವುದರಿಂದ ಒಂದೇ ತಟ್ಟೆಗಳು ಎರಡಕ್ಕೂ ಆಗುತ್ತವೆ. ಮನೆಯಲ್ಲಿ ಆರಂಭಿಸುವವರಿಗೆ 15 ಕಿಲೋ ಸರಳು, ಒಂದೆರಡು ಕಿಲೋದ ಸಣ್ಣ ತಟ್ಟೆಗಳು, ನೆಲಕ್ಕೊಂದು ರಬ್ಬರ್ ಹಾಸು ಸಾಕು. ಅದೂ ಭಾರವೆನಿಸಿದರೆ ಡಂಬೆಲ್ ಇದೆ. ಬಲ ಬೆಳೆಯುವುದು ಒಮ್ಮೆಲೇ ಹೆಚ್ಚು ಎತ್ತುವುದರಿಂದಲ್ಲ, ವಾರ ವಾರಕ್ಕೆ ಸ್ವಲ್ಪ ಸೇರಿಸುವುದರಿಂದ. ಆರಂಭದಲ್ಲಿ ಬಲ್ಲವರಿಂದ ಕಲಿಯಬೇಕು, ಕಾಯಿಲೆ ಇದ್ದವರು ವೈದ್ಯರನ್ನು ಕೇಳಬೇಕು.

ಇದು ಶೋಕಿಯ ವಿಷಯವಲ್ಲ. ಮುಟ್ಟು ನಿಂತ ನಂತರ ಹೆಣ್ಣಿನ ಮೂಳೆ ವೇಗವಾಗಿ ಸವೆಯುತ್ತದೆ. ಮೂಳೆ ಸವೆದ ಮಹಿಳೆಯರು ತಜ್ಞರ ನಿಗಾದಲ್ಲಿ ವಾರಕ್ಕೆರಡು ಸಲ, ಅರ್ಧ ಗಂಟೆಯಂತೆ ಎಂಟು ತಿಂಗಳು ಭಾರ ಎತ್ತಿದಾಗ ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿದ್ದು 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಕಂಡುಬಂತು. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಬಲಗೊಳಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಮಿಕ್ಸಿ, ನಲ್ಲಿಗಳು ಹೆಣ್ಣಿನ ಬೆನ್ನಿನ ಹೊರೆ ಇಳಿಸಿದ್ದು ಒಳ್ಳೆಯದೇ. ಆದರೆ ಕರಾವಳಿಯಲ್ಲಿ ಮಡಿಲ ಮೇಲೆ ಮೊರವಿಟ್ಟು ದಿನವಿಡೀ ಬೀಡಿ ಸುತ್ತಿದ ತಾಯಂದಿರನ್ನು ನೋಡಿ. ಬಗ್ಗಿದ ಬೆನ್ನು, ನೆಲದಿಂದ ಏಳಲು ಗೋಡೆಯ ಆಸರೆ, ನಮಾಝ್‌ಗೆ ಕುರ್ಚಿ. ಇದನ್ನು ನಾವು ವಯಸ್ಸಿನ ಸಹಜ ಫಲವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಮಗನಿಗೆ ಜಿಮ್ಮಿನ ಶುಲ್ಕ ಕಟ್ಟುವ ಮನೆಗಳು ಮಗಳಿಗೂ, ತಾಯಿಗೂ ಒಂದು ಸರಳು ತಂದುಕೊಡಲಿ. ಕೋಣೆಯ ಒಂದು ಮೂಲೆ, ದಿನದ ಅರ್ಧ ಗಂಟೆ ಅವರದ್ದೆಂದು ಬಿಟ್ಟುಕೊಡಲಿ. ಆ ಹೊತ್ತಿನಲ್ಲಿ ಚಹಾ ಕೇಳದಿದ್ದರೆ ಅದೂ ದೊಡ್ಡ ಉಪಕಾರವೇ.