ಏಳು ಸಾವಿರ ಬಿಸಿಲಚ್ಚುಗಳು

ಬೆಟ್ಟಗಳ ಫೋಟೊಗಳನ್ನು ಹಳೆಯ ವಿಧಾನದಲ್ಲಿ ಅಚ್ಚುಹಾಕಿ, ಹಾಳೆಗಳನ್ನು ಕೈಯಲ್ಲೇ ಹೊಲಿದು, ಇಪ್ಪತ್ತೋ ಮೂವತ್ತೋ ಪ್ರತಿಗಳ ಪುಸ್ತಕ ಮಾಡುವ ಕಲಾವಿದರು ಈಗ ಹಲವು ದೇಶಗಳಲ್ಲಿದ್ದಾರೆ. ಸಯನೋಟೈಪ್, ಪ್ಲಾಟಿನಂ, ಆಲ್ಬುಮಿನ್ ಎಂಬ ಹೆಸರುಗಳು ಮತ್ತೆ ಕೇಳಿಬರುತ್ತಿವೆ. ಇಂದು ಅದೊಂದು ಆಯ್ಕೆ. ಬೇರೆ ದಾರಿಯೇ ಇಲ್ಲದ ಕಾಲದಲ್ಲಿ ಹೀಗೆ ಹುಟ್ಟಿದ ಒಂದು ಪುಸ್ತಕದ ಬಗ್ಗೆ ನಾನು ಬರೆಯಹೊರಟಿದ್ದೇನೆ. ಅದು ಕಲಾಕೃತಿಯಾಗಿ ಹುಟ್ಟಿದ್ದಲ್ಲ, ಸರ್ಕಾರಿ ವರದಿಯಾಗಿ ಹುಟ್ಟಿದ್ದು.

1868ರಲ್ಲಿ ಕ್ಯಾಲಿಫೋರ್ನಿಯಾದ ಭೂವಿಜ್ಞಾನ ಸಮೀಕ್ಷೆ 'ದಿ ಯೊಸೆಮಿಟಿ ಬುಕ್' ಎಂಬ ಗ್ರಂಥವನ್ನು ಹೊರತಂದಿತು. ಬರೆದವನು ಸಮೀಕ್ಷೆಯ ಮುಖ್ಯಸ್ಥ ಜೋಸಾಯ ವಿಟ್ನಿ. ಪ್ರತಿಗಳು 250. ಪ್ರತಿಯೊಂದರಲ್ಲೂ 28 ಫೋಟೊಗಳು. 24 ಕಾರ್ಲ್‌ಟನ್ ವಾಟ್ಕಿನ್ಸ್ ತೆಗೆದವು, ಉಳಿದ ನಾಲ್ಕು ಹ್ಯಾರಿಸ್ ಎಂಬವನವು. ಫೋಟೊವನ್ನು ಅಕ್ಷರದ ಜೊತೆಗೇ ಅಚ್ಚುಯಂತ್ರದಲ್ಲಿ ಮುದ್ರಿಸುವ ಹಾಫ್‌ಟೋನ್ ವಿದ್ಯೆ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಹಾಗಾಗಿ ಅಪ್ಪಟ ಫೋಟೊಗಳನ್ನೇ ಒಂದೊಂದಾಗಿ ತಯಾರಿಸಿ ದಪ್ಪ ಹಾಳೆಗೆ ಅಂಟಿಸಬೇಕಿತ್ತು. 250ನ್ನು 28ರಿಂದ ಗುಣಿಸಿ ನೋಡಿ. ಏಳು ಸಾವಿರ!

ಒಂದೊಂದು ಅಚ್ಚಿನ ಹಿಂದೆ ಎಷ್ಟು ಕೆಲಸವಿತ್ತು ಎಂಬುದು ಕೇಳತಕ್ಕದ್ದು. ಮೊಟ್ಟೆಯ ಬಿಳಿಭಾಗಕ್ಕೆ ಉಪ್ಪು ಸೇರಿಸಿ ಕಡೆದು, ತಿಳಿಯಾದ ಮೇಲೆ ತೆಳು ಕಾಗದವನ್ನು ಅದರ ಮೇಲೆ ತೇಲಿಸಿ ಒಣಗಿಸುತ್ತಿದ್ದರು. ಆ ಕಾಗದವನ್ನು ಮತ್ತೆ ಸಿಲ್ವರ್ ನೈಟ್ರೇಟ್ ದ್ರಾವಣದ ಮೇಲೆ ತೇಲಿಸಿ ಕತ್ತಲಲ್ಲಿ ಒಣಗಿಸಬೇಕು. ಆಮೇಲೆ ಗಾಜಿನ ನೆಗೆಟಿವ್ ಅಡಿಯಲ್ಲಿ ಚೌಕಟ್ಟಿಗೆ ಸಿಕ್ಕಿಸಿ ಬಿಸಿಲಿಗಿಡಬೇಕು. ಚಿತ್ರ ಕಣ್ಣೆದುರೇ ಮೂಡುತ್ತದೆ. ಮೋಡ ಕವಿದರೆ ಕಾಯಬೇಕು. ನಂತರ ಬಣ್ಣ ಗಟ್ಟಿಯಾಗಲು ಚಿನ್ನದ ಲವಣದ ಸ್ನಾನ, ಸ್ಥಿರವಾಗಲು ಹೈಪೋ, ಕೊನೆಗೆ ಗಂಟೆಗಟ್ಟಲೆ ನೀರಿನಲ್ಲಿ ತೊಳೆತ. ಈ ಕಾಗದಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ, 1880ರ ದಶಕದಲ್ಲಿ ಜರ್ಮನಿಯ ಡ್ರೆಸ್ಡನ್ನಿನ ಒಂದೇ ಕಾರ್ಖಾನೆ ದಿನಕ್ಕೆ ಸುಮಾರು 60,000 ಮೊಟ್ಟೆ ಒಡೆಯುತ್ತಿತ್ತು. (ಹಳದಿಭಾಗವನ್ನೆಲ್ಲ ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಅಡುಗೆ ಬಲ್ಲ ಓದುಗರಿಗೆ ಬಂದೇ ಬರುತ್ತದೆ.) ನಮ್ಮ ಮನೆಯ ತಾರಸಿಯಲ್ಲಿ ನಾನು ಸಯನೋಟೈಪ್ ಮಾಡಿದ್ದಿದೆ. ಅದು ಇದರಷ್ಟು ರಗಳೆಯದಲ್ಲ. ಆದರೂ ಹತ್ತು ಹಾಳೆ ಮುಗಿಯುವಷ್ಟರಲ್ಲಿ ಬೆನ್ನು ಹಿಡಿದುಕೊಂಡಿತ್ತು.

ನೆಗೆಟಿವ್ ತಯಾರಿಸುವ ಕಷ್ಟ ಬೇರೆಯದೇ. ಚಿತ್ರವನ್ನು ಹಿಗ್ಗಿಸಿ ಅಚ್ಚುಹಾಕುವುದು ಆಗ ಸುಲಭವಿರಲಿಲ್ಲ; ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟು ದೊಡ್ಡ ಗಾಜೇ ಬೇಕು. 1861ರಲ್ಲಿ ವಾಟ್ಕಿನ್ಸ್ ಮೊದಲ ಸಲ ಯೊಸೆಮಿಟಿ ಕಣಿವೆಗೆ ಹೋದಾಗ ಒಯ್ದ ಗಾಜಿನ ಫಲಕಗಳು ಸುಮಾರು 18 ಇಂಚು ಅಗಲ, 22 ಇಂಚು ಉದ್ದ. ಗಾಜು, ರಾಸಾಯನಿಕ, ಕತ್ತಲೆ ಡೇರೆ ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ. ಅದೇ ದಶಕದಲ್ಲಿ ಸ್ಯಾಮ್ಯುಯೆಲ್ ಬೋರ್ನ್ ಹಿಮಾಲಯದಲ್ಲಿ ಇದೇ ವಿದ್ಯೆಯನ್ನು ಹೊತ್ತು ತಿರುಗಿದ. 'ಹೊತ್ತು' ಅನ್ನುವುದು ಮಾತಿಗೆ, ಹೊತ್ತವರು ಕೂಲಿಯಾಳುಗಳು. ಗಾಜಿಗೆ ಕೊಲೋಡಿಯನ್ ಬಳಿದು, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು, ಅಲ್ಲೇ ಡೇರೆಯಲ್ಲಿ ಸಂಸ್ಕರಿಸಿ ಮುಗಿಸಬೇಕು. ಗಾಳಿ ಬೀಸಿ ಎಲೆ ಅಲ್ಲಾಡಿದರೆ ಮರ ಮಸುಕು. ಈ ರಸಾಯನಕ್ಕೆ ನೀಲಿ ಬಣ್ಣ ಬಿಳಿಯಾಗಿಯೇ ಕಾಣುತ್ತದೆ, ಹಾಗಾಗಿ ಆಕಾಶದಲ್ಲಿ ಮೋಡವೇ ಇಲ್ಲ. ಜಲಪಾತ ನೀರಾಗಿ ಕಾಣದೆ ಇಳಿಬಿಟ್ಟ ಬಿಳಿ ಬಟ್ಟೆಯಾಗುತ್ತದೆ. ಡಿಜಿಟಲ್ ಪ್ರತಿಯಲ್ಲಿ ಆ ಚಿತ್ರಗಳನ್ನು ನೋಡುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಖಾಲಿ ಆಕಾಶ. ಬಂಡೆಯ ಒಂದೊಂದು ಬಿರುಕೂ ಸ್ಪಷ್ಟ, ಮೇಲೆ ಮಾತ್ರ ಏನೂ ಇಲ್ಲ.

1861ರ ಚಿತ್ರಗಳನ್ನು ಮರುವರ್ಷ ನ್ಯೂಯಾರ್ಕಿನ ಗುಪಿಲ್ ಗ್ಯಾಲರಿಯಲ್ಲಿ ಪ್ರದರ್ಶಿಸಲಾಯಿತು. 1864ರ ಜೂನ್ 30ರಂದು, ಅಂತರ್ಯುದ್ಧದ ನಡುವೆಯೇ, ಅಬ್ರಹಾಂ ಲಿಂಕನ್ ಒಂದು ಕಾಯಿದೆಗೆ ಸಹಿಹಾಕಿದ: ಯೊಸೆಮಿಟಿ ಕಣಿವೆ ಹಾಗೂ ಮಾರಿಪೋಸಾದ ದೈತ್ಯ ಮರಗಳ ತೋಪು ಸಾರ್ವಜನಿಕರ ಬಳಕೆಗಾಗಿ ಕ್ಯಾಲಿಫೋರ್ನಿಯಾ ರಾಜ್ಯದ ವಶಕ್ಕೆ, ಎಂದೆಂದಿಗೂ ಪರಭಾರೆ ಮಾಡುವಂತಿಲ್ಲ. ವಾಟ್ಕಿನ್ಸನ ಚಿತ್ರ ನೋಡಿಯೇ ಲಿಂಕನ್ ಮನಸ್ಸು ಕರಗಿತು ಎಂಬ ಕಥೆಯನ್ನು ಅನೇಕರು ಹೇಳುತ್ತಾರೆ. ಸೊಗಸಾದ ಕಥೆ, ಆದರೆ ನಾನು ಅದನ್ನು ಕಥೆಯಾಗಿಯೇ ಇಟ್ಟುಕೊಳ್ಳುತ್ತೇನೆ. ಆ ದೂರದ ಕಣಿವೆಯನ್ನು ಪೂರ್ವ ತೀರದ ಜನ ಕಣ್ಣಾರೆ ಕಂಡಂತೆ ಮಾಡಿದ್ದು ಇಂಥ ಚಿತ್ರಗಳು ಎನ್ನುವಷ್ಟು ಸಾಕು. ಕಣಿವೆಯನ್ನು ನೋಡಿಕೊಳ್ಳಲು ನೇಮಕವಾದ ಆಯೋಗದಲ್ಲಿ ವಿಟ್ನಿಯೂ ಒಬ್ಬ. ಸಮೀಕ್ಷೆಯ ಪರವಾಗಿ ವಾಟ್ಕಿನ್ಸ್ 1866ರಲ್ಲಿ ಮತ್ತೆ ತೆಗೆದ ಚಿತ್ರಗಳು ಈ ಪುಸ್ತಕಕ್ಕೆ ಬಂದವು.

ಪುಸ್ತಕದ ಗದ್ಯಕ್ಕೆ ಒದಗಿದ ಗತಿ ವಿಚಿತ್ರ. ಕಣಿವೆಯ ತಳ ಕುಸಿದು ಕೆಳಗೆ ಇಳಿದದ್ದರಿಂದ ಆ ಕಡಿದಾದ ಗೋಡೆಗಳು ಉಂಟಾದವು ಎಂಬುದು ವಿಟ್ನಿಯ ವಾದ. ಅಲ್ಲಿ ಹಿಮನದಿ ಹರಿದ ಗುರುತುಗಳನ್ನು ಅವನದೇ ತಂಡದ ಕ್ಲಾರೆನ್ಸ್ ಕಿಂಗ್ ಕಂಡಿದ್ದ. ವಿಟ್ನಿ ಅದನ್ನು ತಳ್ಳಿಹಾಕಿದ. ಕೆಲವೇ ವರ್ಷಗಳಲ್ಲಿ ಆ ಕಣಿವೆಯಲ್ಲಿ ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದ ಜಾನ್ ಮ್ಯೂರ್, ಕಣಿವೆಯನ್ನು ಕೊರೆದದ್ದು ಹಿಮನದಿಗಳೇ ಎಂದು 1871ರಲ್ಲಿ ಪತ್ರಿಕೆಯಲ್ಲಿ ಬರೆದ. ಹಿಮ ಉಜ್ಜಿ ಹೊಳಪೇರಿಸಿದ ಬಂಡೆಗಳು ಅಲ್ಲಿ ಇಂದಿಗೂ ಇವೆ.

ಆ ಹೊಳಪನ್ನು ಇವರೆಲ್ಲರಿಗಿಂತ ಮೊದಲೇ ಕಂಡು ಹೆಸರಿಟ್ಟವರಿದ್ದರು. 1851ರಲ್ಲಿ ಮಾರಿಪೋಸಾ ಬೆಟಾಲಿಯನ್ ಎಂಬ ಬಿಳಿಯರ ಪಡೆ ಕಣಿವೆಗೆ ನುಗ್ಗಿ ಅಲ್ಲಿನ ಅಹ್ವಾನೀಚಿ ಜನರನ್ನು ಹೊರಗಟ್ಟಿತು. ಪಡೆಯ ಜೊತೆಗಿದ್ದ ಲಫಾಯೆಟ್ ಬನೆಲ್ ಮುಂದೆ ಬರೆದುಕೊಂಡಂತೆ, ಒಂದು ಸರೋವರಕ್ಕೆ ನಿನ್ನ ಹೆಸರನ್ನೇ ಇಟ್ಟಿದ್ದೇವೆ ಎಂದು ನಾಯಕ ಟೆನಾಯನಿಗೆ ಹೇಳಿದಾಗ, ಅದಕ್ಕೆ ಈಗಾಗಲೇ ಒಂದು ಹೆಸರಿದೆ ಎಂದು ಅವನು ಹೇಳಿದನಂತೆ. ಪೈವೆಯಾಕ್, ಹೊಳೆಯುವ ಬಂಡೆಗಳ ಸರೋವರ. ಭೂಪಟದಲ್ಲಿ ಅದು ಇಂದು ಟೆನಾಯ ಲೇಕ್.

ಸಾರ್ವಜನಿಕರದು ಎಂದು ಕಾಯಿದೆ ಹೇಳಿದ ಆ 'ಸಾರ್ವಜನಿಕ'ರಲ್ಲಿ ಇವರು ಸೇರಿರಲಿಲ್ಲ. ಕೆಲವರು ಮರಳಿ ಬಂದು ಪ್ರವಾಸಿಗರಿಗೆ ದುಡಿಯುತ್ತ ಉಳಿದರು. ಮನುಷ್ಯರು ಎಂದೂ ಕಾಲಿಡದ ಜಾಗವೆಂಬಂತೆ ಚಿತ್ರಗಳಲ್ಲಿ ಕಣಿವೆ ಕಾಣುವುದಕ್ಕೆ ವಾಟ್ಕಿನ್ಸನ ಕಲೆಯೊಂದೇ ಕಾರಣವಲ್ಲ.

ವಾಟ್ಕಿನ್ಸ್ ನ್ಯೂಯಾರ್ಕ್ ರಾಜ್ಯದ ಒನಿಯಾಂಟಾ ಎಂಬ ಊರಿನವನು. ಚಿನ್ನದ ಹುಚ್ಚಿನ ದಿನಗಳಲ್ಲಿ, ಅದೇ 1851ರಲ್ಲಿ, ಪಶ್ಚಿಮಕ್ಕೆ ಬಂದವನು. ಬೆಟ್ಟದ ಮೇಲೆ ಇದ್ದಷ್ಟು ಹಿಡಿತ ಅವನಿಗೆ ವ್ಯವಹಾರದ ಮೇಲೆ ಇರಲಿಲ್ಲ. 1870ರ ದಶಕದ ನಡುವೆ ದಿವಾಳಿಯಾಗಿ ಸ್ಯಾನ್‌ಫ್ರಾನ್ಸಿಸ್ಕೋದ ತನ್ನ ಗ್ಯಾಲರಿಯನ್ನೂ ನೆಗೆಟಿವ್‌ಗಳನ್ನೂ ಕಳೆದುಕೊಂಡ. ಅವು ಕುಕ್ ಎಂಬ ಸಾಲಗಾರನ ಮೂಲಕ ಐಸಾಯ ಟೇಬರ್ ಎಂಬ ಫೋಟೊಗ್ರಾಫರನ ಕೈಸೇರಿದವು. ಟೇಬರ್ ಅದೇ ಗಾಜಿನಿಂದ ಅಚ್ಚುಹಾಕಿ ತನ್ನ ಹೆಸರಿನಲ್ಲಿ ಮಾರಿದ. ವಾಟ್ಕಿನ್ಸ್ ಮತ್ತೆ ಕಣಿವೆಗೆ ಹೋಗಿ, ತನ್ನದೇ ನೋಟಗಳನ್ನು ತಾನೇ ಹೊಸದಾಗಿ ತೆಗೆದು, ಅವುಗಳಿಗೆ 'ಹೊಸ ಸರಣಿ' ಎಂದು ಹೆಸರಿಟ್ಟ. ವಿಟ್ನಿಯ ಪುಸ್ತಕದ ಆ 250 ಪ್ರತಿಗಳಲ್ಲಾದರೂ ಚಿತ್ರ ಯಾರದೆಂಬುದು ಅಚ್ಚಾಗಿ ಉಳಿಯಿತಲ್ಲ ಎಂದು ನನಗೆ ಸಮಾಧಾನ. 1869ರಲ್ಲಿ ಬಂದ ಅಗ್ಗದ ಆವೃತ್ತಿಯಲ್ಲಿ ಫೋಟೊಗಳೇ ಇರಲಿಲ್ಲ.

1906ರ ಏಪ್ರಿಲ್‌ನ ಭೂಕಂಪ ಮತ್ತು ಬೆಂಕಿ ಅವನ ಸ್ಟುಡಿಯೊವನ್ನು ಸುಟ್ಟುಹಾಕಿತು. ಆಗಲೇ ಕಣ್ಣು ಬಹುಮಟ್ಟಿಗೆ ಹೋಗಿತ್ತು. 1910ರಲ್ಲಿ ಅವನನ್ನು ನಾಪಾದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು, 1916ರಲ್ಲಿ ಅಲ್ಲೇ ತೀರಿಕೊಂಡ.

ಕಣಿವೆಯಲ್ಲಿ ಅವನ ಹೆಸರಿನ ಒಂದು ಬೆಟ್ಟವಿದೆ, ಮೌಂಟ್ ವಾಟ್ಕಿನ್ಸ್. ಅದು ಮಿರರ್ ಲೇಕ್ ಎಂಬ ಕೆರೆಯಲ್ಲಿ ತಲೆಕೆಳಗಾಗಿ ಬಿಂಬಿಸುವುದನ್ನು ಅವನೇ ಗಾಜಿನ ಮೇಲೆ ಹಿಡಿದಿದ್ದ. ಆ ಕೆರೆಗೆ ಈಗ ಹೂಳು ತುಂಬಿಕೊಂಡಿದೆ. ಬೇಸಗೆಯ ಕೊನೆಗೆ ಅಲ್ಲಿ ನೀರಿಗಿಂತ ಮರಳು, ಹುಲ್ಲೇ ಹೆಚ್ಚು.